ಒಂದು ಚೊಂಬು ನೀರಿನ ರಾಜನೀತಿ

ತಂದೆ ತೀರಿಕೊಂಡ ಮೇಲೆ ಪಟೇಲಿಕೆ ನನ್ನ ತಲೆಗೆ ಬಂತು. ಕೊಣನೂರು ಹೋಬಳಿಯ ನಮ್ಮ ಹಳ್ಳಿಗೆ ಪೂರ್ವದಲ್ಲಿ ಕೆರೆ ಏರಿ, ಪಶ್ಚಿಮದಲ್ಲಿ ಸುಡುಗಾಡು. ಈ ಎರಡು ಮಹಾಮೇರೆಗಳ ನಡುವಿನ ಭೂಮಂಡಲವನ್ನು ಆಳಲು ನನ್ನಷ್ಟು ಸಿದ್ಧನಾದವನು ಇನ್ನೊಬ್ಬನಿಲ್ಲವೆಂದು ನಾನು ನಂಬಿದ್ದೆ. ಅದಕ್ಕೆ ಕಾರಣವೂ ಇತ್ತು. ಹೊಳೆನರಸೀಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವಾಗ ಪಕ್ಕದ ಬೀದಿಯ ಶಾಸ್ತ್ರಿಗಳು ಸಂಜೆ ಹೊತ್ತು ನನಗೆ ಹಳೆಯ ನೀತಿಪಾಠ ಹೇಳಿಕೊಟ್ಟಿದ್ದರು. ಅರಸನಾದವನು ಯಾರ ಮಾತಿಗೆ ಕಿವಿಗೊಡಬೇಕು, ಸಾಮ ದಾನ ಭೇದ ದಂಡಗಳನ್ನು ಯಾವ ಕ್ರಮದಲ್ಲಿ ಹೂಡಬೇಕು, ಎಲ್ಲವೂ ಬಾಯಿಪಾಠ. ಹಸಿವು, ಸಿಟ್ಟು ಇರುವಲ್ಲಿ ನ್ಯಾಯಕ್ಕೆ ಕೂರಬಾರದು ಎಂದೂ ಹೇಳಿದ್ದರು. ಇದು ಅಡುಗೆಮನೆಯ ಮಾತಾಯಿತು, ರಾಜನೀತಿಯಲ್ಲ ಎಂದು ನಾನು ಅದನ್ನು ದಾಟಿ ಮುಂದೆ ಹೋಗಿದ್ದೆ. ಇಷ್ಟೆಲ್ಲಕ್ಕೆ ಅವರು ತೆಗೆದುಕೊಂಡ ಗುರುದಕ್ಷಿಣೆ ವರ್ಷಕ್ಕೊಂದು ಕುಂಬಳಕಾಯಿ.

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ಯುದ್ಧದ ಕಾಲ. ಅದೊಂದು ಬೇಸಗೆಯಲ್ಲಿ ನನ್ನ ಮೊದಲ ನ್ಯಾಯ ಬಂತು. ನಮ್ಮೂರಿನ ಅಣ್ಣತಮ್ಮಂದಿರಿಬ್ಬರು ಹಿಸ್ಸೆಯಾದಾಗ ಬಾವಿ ಅಣ್ಣನ ಪಾಲಿಗೆ ಬಂದಿತ್ತು. ತಮ್ಮನೂ ಅದರಲ್ಲೇ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿಕೊಳ್ಳುವುದು ಬಾಯಿಮಾತಿನ ಒಪ್ಪಂದ. ಆ ವರ್ಷ ಅಣ್ಣ ಇದ್ದಕ್ಕಿದ್ದಂತೆ ಕಪಿಲೆಯ ತೊಗಲ ಚೀಲವನ್ನು ಬಿಚ್ಚಿಕೊಂಡು ಹೋಗಿ ಅಟ್ಟಕ್ಕೆ ಹಾಕಿಬಿಟ್ಟ. ಹೊಗೆಸೊಪ್ಪು ಬೆಳೆಯುತ್ತಿದ್ದ ತಮ್ಮ ನನ್ನ ಜಗಲಿಗೆ ಬಂದ.

"ಒಗೆಸೊಪ್ಪಿನ ಸಸಿ ಮಡಿ ಒಣಗ್ತಾ ಅವೆ, ಪಟೇಲಪ್ಪ. ನಮ್ಮನೆಯೋಳು ಕೆರೆಯಿಂದ ಬಿಂದ್ಗೇಲಿ ಒತ್ತು ಒತ್ತು ಸೊಂಟ ಬಿದ್ದೋಗದೆ. ಸಸಿ ಓದ್ರೆ ಈ ವರ್ಸ ನಾಟಿನೇ ಇಲ್ಲ."

ನಾನು ಅಣ್ಣನನ್ನು ಕರೆಸಿ ಸಾಮದಿಂದ ಆರಂಭಿಸಿದೆ. ಒಡಹುಟ್ಟಿದವರ ಪ್ರೀತಿಯ ಮೇಲೆ ನಾನು ಮಾಡಿದ ಉಪನ್ಯಾಸಕ್ಕೆ ನನ್ನ ಕಣ್ಣೇ ತೇವವಾಯಿತು. ಅವನು ಎಲೆಯಡಿಕೆ ಮುಗಿಸಿ ಹೇಳಿದ:

"ಚೆಂದಾಗ್ ಯೋಳ್ದೆ ಕಣಪ್ಪ. ನಿಮ್ಮಪ್ಪನೂ ಇಷ್ಟ್ ಚೆಂದಾಗ್ ಯೋಳ್ತಿರ್ನಿಲ್ಲ. ಬಾವಿ ಮಾತ್ರ ನಂದು."

ದಾನಕ್ಕಿಳಿದೆ. ಕೆರೆ ನೀರಿನಲ್ಲಿ ನಮ್ಮ ಗದ್ದೆಗಿದ್ದ ಒಂದು ಸರದಿಯನ್ನು ಅವನಿಗೆ ಬಿಟ್ಟುಕೊಡುತ್ತೇನೆಂದೆ.

"ಕೊಟ್ಟಿದ್ನ ಬ್ಯಾಡ ಅನ್ನಕ್ಕಾಯ್ತದಾ? ಕೊಡು," ಎಂದು ಅದನ್ನು ತೆಗೆದುಕೊಂಡ. ಬಾವಿ ಅವನದಾಗಿಯೇ ಉಳಿಯಿತು.

ಉಳಿದದ್ದು ಭೇದ. ಅವನಿಗೆ ಬೆಂಬಲವಾಗಿ ನಿಂತಿದ್ದವನು ಅವನ ಭಾಮೈದ. ಇಬ್ಬರ ನಡುವೆ ಒಡಕು ತರಲು ನಮ್ಮ ತಳವಾರನನ್ನು ಗೂಢಚಾರನಾಗಿ ನೇಮಿಸಿ, ಪರಮ ಗುಟ್ಟೆಂದು ಕಿವಿಯಲ್ಲಿ ಹೇಳಿ ಕಳಿಸಿದೆ. ಊರು ಕಾಯುವುದು, ಊರಿಗೆಲ್ಲ ಕೇಳುವಂತೆ ಸಾರುವುದು, ಇವೆರಡೇ ಅವನ ಜೀವಮಾನದ ಕಸುಬು. ಅವನು ನೆಟ್ಟಗೆ ಹೋಗಿ ಅಣ್ಣನ ಬಾಗಿಲ ಮುಂದೆ ನಿಂತು ಕೂಗಿದ:

"ನಿಂಗೂ ನಿನ್ ಭಾಮೈದ್ನಿಗೂ ತಂದಾಕ್ಬೇಕಂತೆ, ಗುಟ್ಟಾಗಿ. ಎಲ್ಲವ್ನೆ ಅವ್ನು?"

ಬೀದಿಯೆಲ್ಲ ನಕ್ಕಿತು. ಇನ್ನು ದಂಡವೇ ಗತಿ ಎಂದು ನಾನು ಹುಬ್ಬು ಗಂಟಿಕ್ಕಿ ಕೂತಿದ್ದಾಗ ಅವ್ವ ಒಳಗಿನಿಂದ ಬಂದಳು.

"ನಿಮ್ಮಪ್ಪ ನ್ಯಾಯಕ್ಕೆ ಕೂರಕ್ಕೆ ಮುಂಚೆ ಇಬ್ರಿಗೂ ಉಣ್ಣಕ್ಕಿಕ್ಕಿಸ್ತಿದ್ದ. ನೀನು ಬಂದೋರ್ನ ಬರೀ ಒಟ್ಟೇಲಿ ಕೂರ್ಸ್ಕಂಡು ಭಾಷ್ಣ ಮಾಡ್ತೀಯ. ಆ ಅಣ್ಣನ್ ಸಿಟ್ಟು ಬಾವೀದು ಅಂದ್ಕಂಡಿದ್ದೀಯೇನ್ಲಾ?"

"ಇನ್ಯಾತರದವ್ವ?"

"ಕೊಣನೂರ್ ಮದ್ವೇಲಿ ಅಣ್ಣ ಇನ್ನೂ ಉಣ್ತಾ ಇದ್ದಂಗೇ ತಮ್ಮ ಎಲೆ ಬುಟ್ಟು ಎದ್ದೋದ. ಬೀಗ್ರ ಮುಂದೆ. ಊರ್ ಎಂಗುಸ್ರಿಗೆಲ್ಲ ಗೊತ್ತು."

ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯ ಎಲೆ ಮಡಿಸುವ ತನಕ ಕಿರಿಯ ಏಳುವಂತಿಲ್ಲ. ತಮ್ಮನನ್ನು ಕೇಳಿದೆ. ಅವತ್ತು ಇದ್ದಿಲ ಬಸ್ಸು ಹೊಗೆ ಕಾರುತ್ತ ಹೊರಟು ನಿಂತಿತ್ತಂತೆ. ಅದು ತಪ್ಪಿದರೆ ಸಂಜೆ ಮಡಿಗಳಿಗೆ ನೀರಿಲ್ಲ. ಸಸಿಗಳ ಚಿಂತೆಯಲ್ಲಿ ಓಡಿದ್ದ. ಅಣ್ಣನಿಗೆ ಅದನ್ನು ಹೇಳಲು ಬಾಯಿ ಬಂದಿರಲಿಲ್ಲ.

ಮಾರನೆಯ ಮಧ್ಯಾಹ್ನ ಅವ್ವ ಇಬ್ಬರನ್ನೂ ಊಟಕ್ಕೆ ಕರೆದಳು. ಪಟೇಲನ ಆಜ್ಞೆಯನ್ನು ಮೀರುವವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಅವ್ವನ ಕರೆಯನ್ನು ಮೀರುವವರಿರಲಿಲ್ಲ. ಒಂದೇ ಸಾಲಿನಲ್ಲಿ ಅಣ್ಣ, ತಮ್ಮ, ಕೊನೆಗೆ ಸಾರ್ವಭೌಮನಾದ ನಾನು. ಮುದ್ದೆ, ಹುರುಳಿ ಸಾರು. ತಮ್ಮನ ಊಟ ಮುಗಿಯಿತು. ಅಣ್ಣನಿಗೆ ಆತುರವಿರಲಿಲ್ಲ.

"ಇನ್ನರ್ಧ ಮುದ್ದೆ ಇಕ್ಕವ್ವ," ಎಂದ.

ತಮ್ಮನ ಕೈ ಒಣಗಿ ಬೆರಳಿಗೆ ಸಾರು ಅಂಟಿಕೊಂಡಿತು. ಹೊರಗೆ ಬಿಸಿಲು ಉರಿಯುತ್ತಿತ್ತು, ಅವನ ಕಣ್ಣು ಬಾಗಿಲ ಕಡೆಗೇ ಇತ್ತು, ಮಡಿಗಳು ಒಣಗುತ್ತಿದ್ದವು. ಆದರೂ ಅವನು ಏಳಲಿಲ್ಲ. ಅಣ್ಣ ಅದನ್ನು ಓರೆಗಣ್ಣಲ್ಲಿ ನೋಡುತ್ತ ಸಾರನ್ನು ಇನ್ನೊಮ್ಮೆ ಹಾಕಿಸಿಕೊಂಡ.

ಕಡೆಗೂ ಎಲೆ ಮಡಿಸಿದ. ಕೈ ತೊಳೆಯಲು ಅವ್ವ ಹೊರಗಿಟ್ಟದ್ದು ಒಂದೇ ಚೊಂಬು, ಅದನ್ನೂ ತಮ್ಮನ ಕೈಗೆ ಕೊಟ್ಟಳು. ತಮ್ಮ ಬಗ್ಗಿ ಅಣ್ಣನ ಕೈಗೆ ನೀರು ಹೊಯ್ದ. ಅಣ್ಣ ನಿಧಾನವಾಗಿ ತೊಳೆದ, ಬಾಯಿ ಮುಕ್ಕಳಿಸಿದ, ಮತ್ತೆ ಕೈಯೊಡ್ಡಿದ.

"ಸಾಕು ಬುಡ್ಲಾ, ನೀರು ಸುಮ್ಕೆ ಓಯ್ತದೆ," ಎಂದು ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡ. ಆಮೇಲೆ ಬೇರೆಲ್ಲೋ ನೋಡುತ್ತ, "ಚೀಲ ಅಟ್ಟದ್ ಮ್ಯಾಲದೆ. ಇಲಿ ಕಡ್ದಾವು. ತಕ್ಕಂಡೋಗು," ಎಂದ.

ತೀರ್ಪು ಹೇಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಾದಿ ಪ್ರತಿವಾದಿಗಳು ಬೀದಿ ತಿರುಗಿದ್ದರು. ಸಂಜೆಗೆ ಬಾವಿಯ ಕಡೆಯಿಂದ ಕಪಿಲೆಯ ಗಾಲಿ ಕಿರುಗುಟ್ಟುವುದು ಕೇಳಿಸಿತು.

ಆ ಸಲ ಕುಂಬಳಕಾಯಿ ಹೊತ್ತು ಶಾಸ್ತ್ರಿಗಳಲ್ಲಿಗೆ ಹೋದಾಗ ನಡೆದದ್ದನ್ನೆಲ್ಲ ಹೇಳಿದೆ.

"ಹಸಿವಿನ ಪಾಠ ನಿನಗೆ ಹೇಳಿಕೊಟ್ಟಿದ್ದೆನಲ್ಲವೇನೋ?"

"ಹೇಳಿದ್ದಿರಿ. ಅಡುಗೆಮನೆಯ ಮಾತೆಂದು ಬಿಟ್ಟಿದ್ದೆ."

"ಅಡುಗೆಮನೆಯವರು ಬಿಟ್ಟಿರಲಿಲ್ಲವಲ್ಲ. ನಿನ್ನ ಪುಣ್ಯ," ಎಂದು ಅವರು ಕುಂಬಳಕಾಯಿಯನ್ನು ತಟ್ಟಿ ನೋಡಿದರು.

ಅವರಿಗೂ ಅವ್ವನಿಗೂ ನನ್ನ ಸಾಲ ಒಂದೇ ಬಗೆಯದು. ಅವರು ಹೇಳಿದ್ದನ್ನು ಅವಳು ಕೇಳಿದವಳಲ್ಲ, ಅವಳು ಬಡಿಸಿದ್ದನ್ನು ಅವರು ಉಂಡವರಲ್ಲ. ಇಬ್ಬರದೂ ನನ್ನ ಪಾಲಿಗೆ ಬಂತು. ನಾನು ಪಟೇಲನಾಗಿದ್ದಷ್ಟು ಕಾಲ ನ್ಯಾಯಕ್ಕೆ ಬಂದವರು ಉಣ್ಣದೆ ಜಗಲಿಯಿಂದ ಇಳಿಯಲಿಲ್ಲ.

ದಾನವಾಗಿ ಕೊಟ್ಟ ಕೆರೆ ನೀರಿನ ಸರದಿಯನ್ನು ಅಣ್ಣ ಹಿಂದಿರುಗಿಸಲಿಲ್ಲ. ನಾನೂ ಕೇಳಲಿಲ್ಲ. ತಮ್ಮನ ಸಸಿಗಳು ಆ ವರ್ಷ ನಾಟಿಗೆ ಬಂದು, ಮಿಕ್ಕವು ಅಣ್ಣನ ಹೊಲಕ್ಕೂ ಹೋದವು.