ಮಣ್ಣು ಉದುರಿದ ಮೇಲೆ ಹಾಲು

ಇವತ್ತು ಮಾಡಿದ ಕೆಲಸ: ಐದಕ್ಕೆ ಎದ್ದು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಎಮ್ಮೆ ಹಿಂಡಿದೆ. ಹಾಲು ಕಾಯಿಸಿ ಒಂದು ತಂಬಿಗೆ ಬೇರೆ ತೆಗೆದೆ. ರಾತ್ರಿ ನೆನೆಹಾಕಿದ್ದ ಒಂದು ಹಿಡಿ ಕಡಲೆ ಬಸಿದುಕೊಂಡು, ಹಿತ್ತಲ ಕೋಣೆಯ ಬಾಗಿಲು ಬಡಿದೆ. ಒಳಗಿನಿಂದ ದನಿ ಬರಲಿಲ್ಲ. ಮತ್ತೆ ಬಡಿದೆ. ಮನೆಯವರನ್ನು ಎಬ್ಬಿಸಿದೆ. ಹಾಲನ್ನು ಮರಳಿ ಪಾತ್ರೆಗೆ ಸುರುವಿದೆ, ಕಡಲೆಯನ್ನು ಎಮ್ಮೆಯ ಮುಂದಿಟ್ಟೆ. ಸವದತ್ತಿಯ ಪೊಲೀಸ್ ಠಾಣೆಗೆ ಫೋನು ಮಾಡಿ ನಾದಿನಿ ಶಕುಂತಲೆಗೆ ಸುದ್ದಿ ಮುಟ್ಟಿಸಿದೆ. ಚೆಂಡುಹೂವಿನ ಎರಡು ಮಾಲೆ ಕಟ್ಟಿದೆ. ಮಧ್ಯಾಹ್ನ ರುದ್ರಪ್ಪ ವಸ್ತಾದರನ್ನು ಮಣ್ಣು ಮಾಡಿ ಬಂದೆವು.

ಅವರು ಕೂತದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಮೂರು ಸಲ ಮಾತ್ರ ನೋಡಿದ್ದೇನೆ. ಮೂರನೆಯದು ಇವತ್ತು.

ದೊಡವಾಡದವರು. ಬೈಲಹೊಂಗಲದ ನಮ್ಮ ಓಣಿಯ ಗರಡಿಮನೆಯಲ್ಲಿ ಕುಸ್ತಿ ಕಲಿಸಲು ಬಂದವರು ನಮ್ಮ ಹಿತ್ತಲ ಕೋಣೆಯಲ್ಲಿ ಉಳಿದುಬಿಟ್ಟರು. ಮದುವೆ ಆಗಿರಲಿಲ್ಲ. ಕುಸ್ತಿಯ ತಿಕ್ಕಾಟಕ್ಕೆ ಕಿವಿ ಎರಡೂ ಮುದುಡಿ ಒಣ ಅಂಜೂರದ ಹಾಗೆ ಆಗಿದ್ದವು. ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು, ಅದರ ಮೇಲೆ ಪಲ್ಯ ಹಾಕಿಸಿಕೊಂಡು, ಬಾವಿಯಿಂದ ದನದ ಕೊಟ್ಟಿಗೆಯವರೆಗೆ ಅಡ್ಡಾಡುತ್ತಲೇ ಊಟ ಮುಗಿಸುವರು. ಅತ್ತೆಗೆ ಅದನ್ನು ನೋಡಿದರೆ ತಲೆ ತಿರುಗುತ್ತಿತ್ತು. "ಒಂದ್ಕಡೆ ನಿಂದರ್ರಿ ವಸ್ತಾದರ, ನಿಮ್ಮನ್ನ ನೋಡಿ ನೋಡಿ ನನ್ನ ಕುತ್ತಿಗಿ ನೋಯಾಕತ್ತೇತಿ" ಎನ್ನುವಳು. ಬಸ್ಸು ಖಾಲಿ ಇದ್ದರೂ ನಿಂತೇ ಹೋಗುವರು. ಕಂಡಕ್ಟರು ಸೀಟು ತೋರಿಸಿದರೆ, "ಇರ್ಲಿ ಬಿಡೋ, ಸೀಟೇನ್ ಓಡಿ ಹೋಗಂಗಿಲ್ಲ" ಎಂದು ಮೇಲಿನ ಕಂಬಿ ಹಿಡಿದು ತೋಳಿಗೆ ಕಸರತ್ತು ಕೊಡುವರು.

ಇಂಥ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಕಾಯುತ್ತಿದ್ದರು, ನಮ್ಮನ್ನೂ ಕಾಯಿಸುತ್ತಿದ್ದರು. ಅದು ಹಾಲು.

ತೊಂಬತ್ತರ ದಶಕದ ಕೊನೆಯ ಮಾತು. ನಾದಿನಿ ಶಕ್ಕು ಪೊಲೀಸ್ ಭರ್ತಿಯ ಓಟದಲ್ಲಿ ಎರಡು ಸಲ ಹಿಂದೆ ಬಿದ್ದಿದ್ದಳು. ವಯಸ್ಸಿನ ಪ್ರಕಾರ ಇನ್ನೊಂದೇ ಸಲ ಉಳಿದಿತ್ತು. ಅದೂ ತಪ್ಪಿದರೆ ರಾಮದುರ್ಗದ ಬಟ್ಟೆ ಅಂಗಡಿಯವರ ಸಂಬಂಧಕ್ಕೆ ಹೂಂ ಅನ್ನಬೇಕೆಂದು ನನ್ನ ಗಂಡ ಹೇಳಿಬಿಟ್ಟಿದ್ದರು. ಆ ವರನನ್ನು ಶಕ್ಕು ಒಮ್ಮೆ ನೋಡಿದ್ದಳು. ನೋಡಿದ ಮರುದಿನದಿಂದ ನಸುಕಿನಲ್ಲಿ ಸಾಲೆಯ ಮೈದಾನಕ್ಕೆ ಓಡಲು ಹೋಗತೊಡಗಿದಳು.

ಒಂದು ದಿನ ವಸ್ತಾದರು ಬಾವಿಯ ಹತ್ತಿರ ಅವಳನ್ನು ನಿಲ್ಲಿಸಿ ಕೇಳಿದರು. "ಓಡುವಾಗ ಪಕ್ಕಡಿ ಹಿಡೀತೈತೇನವಾ?"

"ಹೂಂ ರೀ. ಎರಡನೇ ಸುತ್ತಿಗೆ ಪಕ್ಕೆಲುಬಿನ ಕೆಳಗ ಚುಚ್ಚಾಕ ಹತ್ತತೈತಿ."

"ಮನಿ ಬಿಡೂಮುಂದ ಏನ್ ತಿಂತಿ?"

ಅವಳು ನನ್ನ ಕಡೆ ನೋಡಿದಳು. ಎರಡು ಪರೀಕ್ಷೆಗಳ ದಿನವೂ ಸಜ್ಜಕ ಮಾಡಿ, ದೊಡ್ಡ ಲೋಟ ಹಾಲು ಕುಡಿಸಿ ಕಳಿಸಿದವಳು ನಾನೇ. ಹುಡುಗಿ ಸೋತು ಬರಬಾರದೆಂದು ತುಪ್ಪವನ್ನೂ ಧಾರಾಳವಾಗಿ ಹಾಕಿದ್ದೆ.

"ಭೇಷ್ ತಂಗಿ" ಎಂದರು ನನಗೆ. "ಹುಡುಗೀನ ಓಡಾಕ ಕಳಿಸಿದ್ಯೋ, ಹಾಲಿನ ಕೊಡಾ ಹೊತ್ಕೊಂಡ ಹೋಗಾಕ ಕಳಿಸಿದ್ಯೋ?"

ಮರುದಿನದಿಂದ ಅವರ ಕಾನೂನು ಶುರುವಾಯಿತು. ಗರಡಿಮನೆಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಅದಕ್ಕೇ ಗರಡಿಯ ಕೆಂಪು ಮಣ್ಣನ್ನೇ ಒಂದು ಗಡಿಗೆ ತುಂಬಿ ತಂದು ನಮ್ಮ ಹಿತ್ತಲಲ್ಲಿಟ್ಟರು. ಎಣ್ಣೆ, ಅರಿಶಿಣ, ಮಜ್ಜಿಗೆ ಕಲಸಿ ಹದ ಮಾಡಿದ ಮಣ್ಣು ಅದು. ಓಡುವ ಮುಂಚೆ ಹೊಟ್ಟೆಗೆ ಏನೂ ಇಲ್ಲ, ಎರಡು ಗುಟುಕು ನೀರು ಅಷ್ಟೆ. ಓಡಿ ಬಂದ ಮೇಲೆ ಬೆವರಿನ ತೋಳಿಗೆ ಆ ಮಣ್ಣು ಸವರಿಕೊಳ್ಳಬೇಕು. ಒರೆಸಬಾರದು, ಕೆರೆಯಬಾರದು. ಅದು ಒಣಗಿ ತಾನಾಗಿ ಉದುರಬೇಕು. ಆಮೇಲೆ ನೆನೆದ ಕಡಲೆ, ಅದರ ಹಿಂದೆ ಹಾಲು. "ಮೈ ಒಳಗ ಬೆಂಕಿ ಉರಿಯೂಮುಂದ ಹಾಲು ಸುರುವಿದ್ರ ಒಡೀತೈತಿ. ಆರಿದ ಮ್ಯಾಲೆ ಸುರುವಿದ್ರ ರಟ್ಟಿಗೆ ಹೋಗತೈತಿ."

ಬಸ್ ನಿಲ್ದಾಣದ ಹತ್ತಿರ ಆಗಷ್ಟೇ ಒಂದು ಜಿಮ್ ಆಗಿತ್ತು. ಅಲ್ಲಿಯ ಹುಡುಗರು ಪ್ರೊಟೀನ್ ಪುಡಿಯ ಡಬ್ಬಿ ತರಿಸುತ್ತಿದ್ದರು. ವ್ಯಾಯಾಮ ಮುಗಿದ ಅರ್ಧ ತಾಸಿನೊಳಗೆ ಕುಡಿಯಲೇಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರಿಗೆ ಹೋದಂತೆ ಎಂದು ಶಕ್ಕು ಅಲ್ಲಿಂದ ಕೇಳಿಕೊಂಡು ಬಂದಳು. ವಸ್ತಾದರು ಗಡಿಗೆಯ ಸುತ್ತ ಎರಡು ಸಲ ತಿರುಗಿದರು. "ಅರ್ಧ ತಾಸು ಅಂತ ಗಡಿಯಾರ ಹೇಳತೈತಿ. ಗಡಿಯಾರ ಬೆವರತೈತೇನು?"

ಬೇಸಿಗೆಯಲ್ಲಿ ಮಣ್ಣು ಬೇಗ ಉದುರುತ್ತಿತ್ತು, ತೊಂದರೆ ಇರಲಿಲ್ಲ. ಮಳೆಗಾಲ ಹಿಡಿದಾಗ ಪಜೀತಿ ಆಯಿತು. ಶಕ್ಕು ಎರಡೂ ಕೈ ಚಾಚಿಕೊಂಡು ಕಟ್ಟೆಯ ಮೇಲೆ ಕೂತಿರುವಳು. ಹಾಲು ಕೆನೆಗಟ್ಟುವುದು, ನಾನು ಮತ್ತೆ ಬಿಸಿ ಮಾಡುವುದು, ಅದು ಮತ್ತೆ ಕೆನೆಗಟ್ಟುವುದು. ಹೊಟ್ಟೆ ಚುರುಗುಟ್ಟಿ ಒಂದು ದಿನ ಅವಳು ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡಳು. ಮಣ್ಣು ಚಕ್ಕೆಯಾಗಿ ಬಿತ್ತು. ವಸ್ತಾದರು ಬಾಗಿಲಲ್ಲಿ ನಿಂತು ನೋಡಿದರು. "ಪೊಲೀಸ್ ಆಗೂಕಿಂತ ಮೊದಲ ಲಂಚ ಕೊಡೂದ ಕಲತ್ಯಲ್ಲವಾ" ಎಂದರು. ನಕ್ಕು ನಕ್ಕು ನಮಗೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಆದರೆ ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಪಕ್ಕಡಿ ಹಿಡಿಯುವುದು ನಿಂತುಹೋಗಿತ್ತು.

ಪರೀಕ್ಷೆಯ ದಿನ ನಸುಕಿನ ಬಸ್ಸಿಗೆ ವಸ್ತಾದರು, ಶಕ್ಕು, ನಾನು ಬೆಳಗಾವಿಗೆ ಹೋದೆವು. ಆರಕ್ಕೆ ಕರೆದಿದ್ದರು. ಹುಡುಗಿಯರು ಬಹಳ ಬಂದಿದ್ದರಿಂದ ಸರದಿ ಹಿಂದೆ ಹಿಂದೆ ಹೋಯಿತು. ಏಳಾಯಿತು, ಎಂಟಾಯಿತು. ನಾವು ತಂತಿ ಬೇಲಿಯ ಹೊರಗೆ, ಶಕ್ಕು ಒಳಗೆ. ನೀರು ಕುಡಿಯಲು ಬೇಲಿಯ ಹತ್ತಿರ ಬಂದಾಗ ಅವಳ ಕಣ್ಣು ನನ್ನ ಚೀಲದ ಮೇಲೆಯೇ ಇತ್ತು. ಹಿಂದಿನ ದಿನ ಸಂಜೆಯ ಊಟ, ಆಮೇಲೆ ಏನೂ ಇಲ್ಲ. ನನ್ನ ಚೀಲದಲ್ಲಿ ಓಟದ ನಂತರಕ್ಕೆಂದು ತಂದ ಕಡಲೆ, ಬೆಲ್ಲ, ಥರ್ಮಾಸಿನಲ್ಲಿ ಹಾಲು.

"ವಸ್ತಾದರ, ಏನರ ಸ್ವಲ್ಪ ಕೊಡೂಣೇನ್ರಿ?"

"ಬ್ಯಾಡ."

ಬೇಲಿಯ ಗುಂಟ ಹೋದರು, ಬಂದರು. ಹೋದರು, ಬಂದರು. ನಾನು ಮತ್ತೆ ಕೇಳಿದೆ. ಆಗ ನಿಂತು, ನನ್ನ ಕಡೆ ನೋಡದೆ, ಯಾರಿಗೂ ಹೇಳಿರದಿದ್ದ ಸಂಗತಿ ಹೇಳಿದರು.

"ಕಿತ್ತೂರಾಗ ನಂದೊಂದು ಕುಸ್ತಿ ಇತ್ತ ತಂಗಿ, ಹರೇದಾಗ. ಇಳಿದಿದ್ದ ಮನಿಯವರು ಮರ್ಯಾದಿ ಮಾಡಾಕಂತ ಕಣಕ್ಕ ಇಳಿಯೂಕಿಂತ ಮೊದಲ ತಂಬಿಗಿ ತುಂಬ ಹಾಲ ಕೊಟ್ರು. ಒಲ್ಲೆ ಅನ್ನಾಕ ಬಾಯಿ ಬರ್ಲಿಲ್ಲ, ಕುಡದೆ. ಎದುರಿನ ಪೈಲವಾನ ನಡಾ ಹಿಡದ ಎತ್ತಿದ. ಎಲ್ಲಾ ಹೊರಗ ಬಂತು, ಕಣದ ಮಣ್ಣಿನ ಮ್ಯಾಲೆ. ಮಂದಿ ನಕ್ರು. ಅದನ್ನ ನಾ ತಡಕೊಂಡಿದ್ದೆ. ಆದ್ರ ಆ ಮಣ್ಣನ್ನ ಬುಟ್ಟಿಲೆ ಬಳದ ಹೊರಗ ಒಗದ್ರು ನೋಡು. ಅವತ್ತಿಂದ ನಾ ಕಣಕ್ಕ ಇಳೀಲಿಲ್ಲ."

ಒಳಗೆ ಒಬ್ಬ ಹುಡುಗಿ ಬಿಸಿಲಿಗೆ ತಲೆ ಸುತ್ತಿ ಕೆಳಗೆ ಕೂತಳು. ವಸ್ತಾದರು ಅದನ್ನು ನೋಡಿ ಬೇಲಿಯ ಹತ್ತಿರಕ್ಕೆ ಬಂದರು.

"ಅದು ನನ್ನ ಹೊಟ್ಟಿ" ಎಂದರು. "ಆಕೀದಲ್ಲ."

ಶಕ್ಕುವನ್ನು ಕೂಗಿದರು. ಓಟಕ್ಕೆ ಇನ್ನೂ ಎಷ್ಟು ಹೊತ್ತಿದೆ ಎಂದು ಒಳಗೆ ವಿಚಾರಿಸಿಕೊಂಡು ಬರಲು ಹೇಳಿದರು. ಒಂದು ತಾಸಿಗಿಂತ ಹೆಚ್ಚು ಎಂದಳು. "ಹಾಲು ಬ್ಯಾಡ" ಎಂದು ನನಗೆ ಹೇಳಿ, ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಡಲೆ, ಅಡಿಕೆಯಷ್ಟು ಬೆಲ್ಲ ತೆಗೆದು ತಂತಿಯ ನಡುವಿನಿಂದ ಅವಳ ಅಂಗೈಗೆ ಹಾಕಿದರು. "ಒಂದೊಂದ ಹಾಕ್ಕೋ. ಬಾಯಾಗ ಹಿಟ್ಟ ಆಗೂತನಕ ನುಂಗಬ್ಯಾಡ."

"ನೀವ ಬ್ಯಾಡಂದಿದ್ರಲ್ಲರಿ?"

"ಅಂದಿದ್ದೆ. ಈಗ ತಿನ್ನು ಅಂತೇನಿ."

ಆಮೇಲೆ ಬೇಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು. ಅದು ಮೊದಲನೆಯ ಸಲ. ಮೊಣಕಾಲ ಮೇಲೆ ಎರಡೂ ಅಂಗೈ. ಓಟ ಶುರುವಾಯಿತೆಂದು ಹೇಳಿದೆ, ತಿರುಗಲಿಲ್ಲ. "ಪಕ್ಕಡಿ ಹಿಡಕೊಂಡಾಳೇನು?" ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಸ್ವಲ್ಪ ತಡೆದು ಮತ್ತೆ ಕೇಳಿದರು. ಇಲ್ಲ ಎಂದೆ. ಶಕ್ಕು ನಾಲ್ಕನೆಯವಳಾಗಿ ಗೆರೆ ದಾಟಿದಳು. ಬೇಕಾದ ಸಮಯದೊಳಗೇ ದಾಟಿದಳು.

ಬೇಲಿಯ ಹತ್ತಿರ ಬಂದವಳಿಗೆ ಅವರೇ ಥರ್ಮಾಸಿನ ಮುಚ್ಚಳ ತೆಗೆದು ಹಾಲು ಚಾಚಿದರು. "ಕುಡಿಯವಾ, ಇವತ್ತೇನ್ ಕಾಯಬ್ಯಾಡ."

ಅವಳು ಏದುಸಿರು ಬಿಡುತ್ತ ಅವರ ಧೋತರದ ಸೆರಗು ತೋರಿಸಿದಳು. ಅದರಲ್ಲಿ ಒಂದು ಗಂಟಿತ್ತು. ಗಂಟಿನಲ್ಲಿ ಚಿಟಿಕೆ ಮಣ್ಣು. ಅವರು ತಂದಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಬಿಚ್ಚಿಸಿಕೊಂಡು ತೋಳಿಗೆ ಸವರಿಕೊಂಡಳು. "ಉದರ್ಲಿ ರೀ" ಎಂದಳು. ಹಾಲು ಹಿಡಿದ ಅವರ ಕೈ ಬೇಲಿಯ ಈಚೆ ಹಾಗೇ ಇತ್ತು.

ಅವರು ಎರಡನೆಯ ಸಲ ಕೂತದ್ದು ಮೊನ್ನೆ ಸೋಮವಾರ. ಒಂದು ತಿಂಗಳಿಂದ ಕಾಲು ಬಾತು ಮಲಗಿಯೇ ಇದ್ದರು. ನಸುಕಿನಲ್ಲಿ ಹಾಲು ಒಯ್ದರೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಒಣಕಲು ತೋಳಿಗೆ ಮಣ್ಣು ಸವರಿಕೊಂಡು.

"ಹತ್ತು ಬೈಠಕ್ ಹೊಡದೇನಿ" ಎಂದರು.

ಕಾಲೂರಲು ಆಗದ ಮನುಷ್ಯ. ನಾನು ಹೂಂ ಎಂದೆ. ಬೆವರಿಲ್ಲದ ಮೈಗೆ ಮಣ್ಣು ಹಿಡಿಯಲಿ ಎಂದು ನೀರು ಚಿಮುಕಿಸಿಕೊಂಡದ್ದು ಚಾಪೆಯ ಮೇಲೆ ಕಾಣುತ್ತಿತ್ತು. ಎಮ್ಮೆಗೆ ಹೊಟ್ಟು ಹಾಕುವುದಿತ್ತು, ಒಲೆಯ ಮೇಲೆ ಎಸರಿತ್ತು. ಆದರೂ ತಂಬಿಗೆ ಹಿಡಿದು ನಿಂತೆ. "ಉದರೇತೇನು?" ಎಂದು ಎರಡು ಮೂರು ಸಲ ಕೇಳಿದರು. ಕಣ್ಣು ಮಂಜಾಗಿದ್ದವು. ಒಂದು ಚಕ್ಕೆ ಬಿದ್ದ ಮೇಲೆಯೇ ಹೇಳಿದೆ, "ಉದರೇತ್ರಿ. ಕುಡೀರಿ."

ಇವತ್ತು ಅವರನ್ನು ಬಿದಿರು ಕಟ್ಟಿದ, ಹೆಗಲ ಮೇಲೆ ಹೊರುವ ಕುರ್ಚಿಯಂಥ ವಿಮಾನದಲ್ಲಿ ಕೂಡಿಸಿ, ಮಾಲೆ ಹಾಕಿ ಓಣಿಯೊಳಗಿಂದ ಒಯ್ದರು. ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುವುದು. "ಕಡೀಕೂ ಕುಂತ್ರಲ್ಲ ವಸ್ತಾದರು" ಎಂದ ಗರಡಿಯ ಹಳೆಯ ಶಿಷ್ಯನೊಬ್ಬ, ಮುಖ ಆ ಕಡೆ ತಿರುಗಿಸಿ. ಶಕ್ಕು ಸವದತ್ತಿಯಿಂದ ಸಮವಸ್ತ್ರದಲ್ಲೇ ಬಂದಳು. ಹಿತ್ತಲಿನ ಗಡಿಗೆಯನ್ನು ತಾನೇ ಹೊತ್ತು ತಂದು, ಎಲ್ಲರೂ ಹಿಡಿಮಣ್ಣು ಹಾಕುವಾಗ ಅದರೊಳಗಿನ ಕೆಂಪು ಮಣ್ಣನ್ನೆಲ್ಲ ಸುರುವಿದಳು.

ಮನೆಗೆ ಬಂದು ಕೈ ತೊಳೆಯಲು ನೀರು ಕೊಟ್ಟೆ.

"ಉದರ್ಲಿ ವೈನಿ" ಎಂದು ಕಟ್ಟೆಯ ಮೇಲೆ ಕೂತಳು. ಮೋಡವಿತ್ತು, ಬೇಗ ಒಣಗಲಿಲ್ಲ. ನಾನು ಒಳಗೆ ಹೋದೆ, ಹೊರಗೆ ಬಂದೆ. ಹಾಲನ್ನು ಎರಡು ಸಲ ಬಿಸಿ ಮಾಡಿದೆ. ದೀಪ ಹಚ್ಚುವ ಹೊತ್ತಿಗೆ ಅವಳ ಮಡಿಲಲ್ಲಿ ಕೆಂಪು ಹುಡಿ ಬಿದ್ದಿತ್ತು. ಆಮೇಲೆ ಕುಡಿದಳು.

ಊಟಕ್ಕೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಅನ್ನ. ನಾಳೆ ನಸುಕಿನಲ್ಲಿ ಶಕ್ಕು ಓಡುವವಳಿದ್ದಾಳೆಂದು ಒಂದು ಹಿಡಿ ಕಡಲೆ ನೆನೆಹಾಕಿದೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಶಕ್ಕು, ಗೋಡೆಗೆ ಒರಗಿ, ಕೂತಲ್ಲೇ.