ಬೀರುವಿನಲ್ಲಿಟ್ಟ ಮಾದಲ ಹಣ್ಣು

2002ರ ಸೆಪ್ಟೆಂಬರ್ 18, ಬುಧವಾರ, ಸಂಜೆ 4.20. ಅರಸೀಕೆರೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್ ಆಗಿ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಹಳೇಬೀಡಿನಿಂದ ರೈಲು ಹಿಡಿಯಲು ಬರುತ್ತಿದ್ದ ಟ್ಯಾಕ್ಸಿಯೊಂದು ಸ್ಟೇಷನ್ನಿಗೆ ಹೋಗದೆ ನೇರ ನಮ್ಮ ಬಾಗಿಲಿಗೆ ಬಂತು. ಒಳಗಿದ್ದವರು ಎಲಿಜಾ, 78 ವರ್ಷ. ಜೊತೆಗೆ ಮಗಳು ರೇಚಲ್. ಬಾಣಾವರ ದಾಟುವಾಗ ಅವರಿಗೆ ಎದೆನೋವು ಶುರುವಾಗಿತ್ತು. ಬಿ.ಪಿ. 80/50. ಇ.ಸಿ.ಜಿ. ನೋಡಿದ ಡಾಕ್ಟರು, ಈ ಸ್ಥಿತಿಯಲ್ಲಿ ಹಾಸನಕ್ಕೂ ಸಾಗಿಸುವಂತಿಲ್ಲ ಎಂದರು.

ಅವರು ಮುಂಬೈಯ ಯೆಹೂದಿಗಳು. ಅರವತ್ತರ ದಶಕದಲ್ಲಿ ಎಲಿಜಾ ನಮ್ಮ ಜಂಕ್ಷನ್ನಿನಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿದ್ದರು. ರೇಚಲ್ ಐದನೇ ಕ್ಲಾಸಿನವರೆಗೆ ಇಲ್ಲೇ ಓದಿದವರು. ಹಳೆಯ ಊರನ್ನೂ ದೇವಸ್ಥಾನಗಳನ್ನೂ ಇನ್ನೊಮ್ಮೆ ನೋಡಿ, ಹಬ್ಬಕ್ಕೆ ಮನೆ ಸೇರಬೇಕೆಂದು ಹೊರಟಿದ್ದರು.

ಗುರುವಾರ ಬೆಳಿಗ್ಗೆ ಎಲಿಜಾ ಸ್ವಲ್ಪ ಮಾತಾಡಿದರು.

"ಸಿಸ್ಟರ್, ನಿಮ್ಮೂರ ರೈಲಿಗೆಲ್ಲ ನಾನು ದಾರಿ ಬಿಡ್ತಿದ್ದೆ. ಈಗ ನೀವು ನನಗೆ ಬಿಡಿ."

"ಡಾಕ್ಟರ್ ಬಿಡ್ಲಿ, ಬಿಡ್ತೀನಿ ಸರ್."

"ಹಾಗಾದ್ರೆ ಒಂದು ಮಾದಲ ಹಣ್ಣು ತರಿಸಿ. ನಿನ್ನೆ ಹಳೇಬೀಡಲ್ಲಿ ಕಲ್ಲಿನ ದೇವರ ಕೈಯಲ್ಲಿ ನೋಡಿದೆ. ನಮ್ಮ ಹಬ್ಬಕ್ಕೂ ಅದೇ ಬೇಕು."

ಅದು ಅವರ ಚಪ್ಪರದ ಹಬ್ಬ. ಆ ದಿನಗಳಲ್ಲಿ ಮಾದಲ ಹಣ್ಣನ್ನು ಮೂರು ಬಗೆಯ ಎಲೆಗಳ ಜೊತೆ ಕೈಯಲ್ಲಿ ಹಿಡಿದು ಪ್ರಾರ್ಥಿಸುತ್ತಾರೆ. ನಾಲ್ಕೂ ಸಿಗದಿದ್ದರೆ, ನೆನಪಿಗಾಗಿ ಸಿಕ್ಕಷ್ಟನ್ನೇ ಹಿಡಿಯಬಹುದಂತೆ. ಎಲಿಜಾ ಏಳನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಲೆಕ್ಕ ಹಾಕಿದೆ: 71 ಹಬ್ಬ. ಈ ಸಲದ್ದು 72ನೆಯದು. ಹಬ್ಬದವರೆಗೆ ಇರುತ್ತಾರೋ ಇಲ್ಲವೋ ಎಂದು ಡಾಕ್ಟರಿಗೇ ಅನುಮಾನವಿತ್ತು.

ನಮ್ಮ ಆಯಾ ಪುಟ್ಟಮ್ಮ ಹಾರನಹಳ್ಳಿಯವರು. "ನಮ್ಮಣ್ಣನ ಹಿತ್ತಲಲ್ಲಿ ಐತೆ, ನಾಳೆ ತತ್ತೀನಿ" ಅಂದರು. ಶುಕ್ರವಾರ ಸಂಜೆ 4.40ಕ್ಕೆ ಸೆರಗಲ್ಲಿ ಸುತ್ತಿ ತಂದೇಬಿಟ್ಟರು. ಕಲೆಯಿಲ್ಲದ ಹಳದಿ ಹಣ್ಣು, ತುದಿಯ ಮೊನೆ ಮುರಿದಿರಲಿಲ್ಲ. ವಾರ್ಡೆಲ್ಲ ಘಮ್ಮೆಂದಿತು. ಎಲಿಜಾ ಮಾತ್ರ ಇಂಜೆಕ್ಷನ್ನಿನ ಮಂಪರಿನಲ್ಲಿದ್ದರು.

ಹಬ್ಬ ಅಂದೇ ಸೂರ್ಯಾಸ್ತಕ್ಕೆ ಆರಂಭ. ಮೊದಲ ಹಗಲು ಶನಿವಾರ.

"ನಾಳೆ ಬೇಡ ಸಿಸ್ಟರ್," ಎಂದರು ರೇಚಲ್. "ಶನಿವಾರ ನಮಗೆ ಸಬ್ಬತ್, ಕೆಲಸ ಮಾಡಬಾರದ ದಿನ. ಹಬ್ಬ ಆ ದಿನವೇ ಬಂದರೆ ಹಣ್ಣು ಹಿಡಿಯೋ ವಿಧಿ ಇಲ್ಲ. ಭಾನುವಾರ ಹೊತ್ತು ಹುಟ್ಟಿದ ಮೇಲೆ."

ಕಾರಣ ಕೇಳಿದೆ. ಸಬ್ಬತ್‌ನಲ್ಲಿ ಬೀದಿಯಲ್ಲಿ ಏನನ್ನೂ ಹೊತ್ತು ನಡೆಯಬಾರದು. ವಿಧಿ ತಿಳಿಯದ ಯಾರೋ ಒಬ್ಬರು ಹೇಳಿಸಿಕೊಳ್ಳಲೆಂದು ಹಣ್ಣು ಹಿಡಿದು ಗುರುಗಳ ಮನೆಗೆ ಹೊರಟುಬಿಟ್ಟರೆ? ಆ ಒಬ್ಬರು ತಪ್ಪದಿರಲೆಂದು ಹಿರಿಯರು ಎಲ್ಲರಿಗೂ ಆ ದಿನದ ವಿಧಿಯನ್ನೇ ಬಿಡಿಸಿದರಂತೆ.

"ಇಂಜೆಕ್ಷನ್, ಆಕ್ಸಿಜನ್?" ಎಂದೆ.

"ಅದೆಲ್ಲ ಮಾಡಲೇಬೇಕು. ಜೀವಕ್ಕೆ ಅಪಾಯ ಇದ್ದಾಗ ಸಬ್ಬತ್ ಅಡ್ಡ ಬರೋದಿಲ್ಲ."

ಪುಟ್ಟಮ್ಮನಿಗೆ ಸಿಟ್ಟು. "ಅಷ್ಟು ದೂರದಿಂದ ತಂದ್ರೆ ಮುಟ್ಟಂಗೇ ಇಲ್ವಾ? ನಮ್ಮ ಶನಿದೇವ್ರಿಗಿಂತ ಗಟ್ಟಿ ಕಣವ್ವ ಇವರ ಶನಿವಾರ!"

ನಾನು ಹಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಲಿಜಾ ಅವರ ಮಂಚದ ಎದುರಿನ ಸ್ಟೀಲ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಡ್ಯೂಟಿ ಪುಸ್ತಕದಲ್ಲಿ ಬರೆದೆ: "ಹಣ್ಣು ಭಾನುವಾರದವರೆಗೆ ಕೊಡಬಾರದು."

ಶನಿವಾರ ಅವರ ದನಿ ನಿಂತಿತ್ತು. ಮೂರು ರಾತ್ರಿ ನಿದ್ದೆಗೆಟ್ಟಿದ್ದ ರೇಚಲ್ ಅವರನ್ನು ಮಲಗಿ ಬನ್ನಿ ಎಂದು ಪಕ್ಕದ ಲಾಡ್ಜಿಗೆ ನಾನೇ ಕಳಿಸಿದೆ. ಮಧ್ಯಾಹ್ನ 3.10ಕ್ಕೆ ಎಲಿಜಾ ಕಣ್ಣು ತೆರೆದರು. ಬೀರುವಿನ ಕಡೆ ನೋಡಿದರು; ಹಣ್ಣು ಅಲ್ಲಿದೆ ಎಂದು ಬೆಳಿಗ್ಗೆ ನಾನೇ ಹೇಳಿದ್ದೆ. "ಭಾನುವಾರ, ಸರ್" ಎಂದೆ. ಅವರು ಕೈಯನ್ನು ನಿಧಾನವಾಗಿ ಮೂಗಿನ ಬಳಿ ತಂದರು. ಆಕ್ಸಿಜನ್ ಕೊಳವೆ ಒತ್ತುತ್ತಿದೆ ಎಂದುಕೊಂಡು ಅದನ್ನು ಸರಿಪಡಿಸಿದೆ. ಮತ್ತೆ ತಂದರು. ಮತ್ತೆ ಸರಿಪಡಿಸಿದೆ. ಮೂರನೆಯ ಸಲ ಕೈ ಅರ್ಧಕ್ಕೇ ನಿಂತಿತು.

ಭಾನುವಾರ ಹಣ್ಣು ಕೊಡಲೆಂದೇ ಬೇಗ, 5.30ಕ್ಕೆ ಬಂದೆ. ರಾತ್ರಿ ಡ್ಯೂಟಿಯ ಗೆಳತಿ ಬಾಗಿಲಲ್ಲೇ ಹೇಳಿದಳು: "ನಾಲ್ಕೂ ಮುಕ್ಕಾಲಿಗೆ ಹೋದ್ರು ಕಣೇ." ಹೊರಗಿನ್ನೂ ಬೆಳಕಾಗಿರಲಿಲ್ಲ.

ಬೀರು ತೆಗೆದು ಹಣ್ಣನ್ನು ರೇಚಲ್ ಅವರ ಕೈಗಿಟ್ಟೆ. ಅವರು ಅದನ್ನು ಮೂಗಿಗೆ ಹಿಡಿದು ಮೂಸಿದರು. ಆಮೇಲೆ ಕೇಳಿದರು: "ನಿನ್ನೆ ಅಪ್ಪ ಮೂಸಿ ನೋಡಿದರಾ?"

"ಬೇಡ ಅಂದಿದ್ರಲ್ಲ?"

"ವಿಧಿಗೆ ಹಿಡಿಯೋದು ಬೇಡ ಅಂದೆ. ಎಲೆಗಳನ್ನು ಆ ದಿನ ಮುಟ್ಟೋ ಹಾಗಿಲ್ಲ. ಹಣ್ಣಿಗೆ ಅಡ್ಡಿಯಿಲ್ಲ, ಅದಕ್ಕೆ ವಾಸನೆ ಇದೆಯಲ್ಲ, ಮೂಸಬಹುದು." ನನ್ನ ಮುಖ ನೋಡಿ ನನ್ನ ಕೈ ಹಿಡಿದುಕೊಂಡರು. "ನಾನೇ ಪೂರ್ತಿ ಹೇಳಬೇಕಿತ್ತು ಸಿಸ್ಟರ್."

ಮೂರು ಸಲ ಕೈ ಎತ್ತಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಇಲ್ಲಿಯೇ ಮೊದಲು ಬರೆಯುತ್ತಿರುವುದು.

ಇದಾಗಿ ನಾಲ್ಕು ವರ್ಷ. ಈಗ ಯಾವ ರೋಗಿಗಾದರೂ ಏನಾದರೂ ಬೇಡ ಎಂದು ಯಾರೇ ಹೇಳಿದರೂ, ಹಾಗಾದರೆ ಏನು ಕೊಡಬಹುದು ಎಂದು ಕೇಳಿ, ಎರಡನ್ನೂ ಬರೆದುಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಯೆಹೂದಿ ಶಾಸ್ತ್ರ ತಿಳಿದ ಓದುಗರಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ಬರೆಯಿರಿ. ಸಬ್ಬತ್ ಕಳೆದು ಹೊತ್ತು ಹುಟ್ಟುವ ಮೊದಲೇ ಹೋದವರಿಗೆ ಆ ವರ್ಷದ ಹಬ್ಬ ಸಂದ ಹಾಗೆಯೋ, ತಪ್ಪಿದ ಹಾಗೆಯೋ? ನನ್ನ ಡೈರಿಯಲ್ಲಿ 71 ಎಂದು ಬರೆದು, ಮುಂದಿನ ಸಾಲು ಖಾಲಿ ಬಿಟ್ಟಿದ್ದೇನೆ.