ಎಡಗಿವಿ ಕೆಲಸಕ್ಕೆ, ಬಲಗಿವಿ ಮಗುವಿಗೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ನ್ಯಾಯಾಲಯದಲ್ಲಿ ಸಾಕ್ಷಿಗಳು ಆಡಿದ ಮಾತಿನ ಧ್ವನಿಮುದ್ರಣ ಕೇಳಿ, ಅದನ್ನು ಅಕ್ಷರಕ್ಕಿಳಿಸುವುದು ಅವಳ ಕೆಲಸ. ಫ್ಯಾನಿನ ಗರಗರ, ಯಾರದೋ ಕೆಮ್ಮು, ಕುರ್ಚಿ ಎಳೆದ ಸದ್ದು, ಇವುಗಳ ಸಂದಿಯಲ್ಲಿ ಬೇರೆಯವರಿಗೆ ಸಿಗದ ಮಾತು ಅವಳಿಗೆ ಸಿಗುತ್ತಿತ್ತು.

ಮಗಳು ಹುಟ್ಟಿದ ಮೇಲೆ ಕೆಲಸ ಮನೆಗೇ ಬಂತು. ಕಿಟಕಿಯ ಪಕ್ಕ ಮೇಜು, ಅದರ ಮೇಲೊಂದು ಹಳೆಯ ಕಂಪ್ಯೂಟರು. ಹೆಡ್‌ಫೋನಿನ ಎಡಬದಿಯನ್ನು ಮಾತ್ರ ಕಿವಿಗೆ ಹಾಕಿಕೊಂಡು ಬಲಬದಿಯನ್ನು ಹಿಂದಕ್ಕೆ ಸರಿಸಿಡುತ್ತಿದ್ದಳು. ಬಲಗಿವಿ ಮಗುವಿನ ಪಾಲು. ತೊಟ್ಟಿಲಿನಲ್ಲಿ ಮಿಸುಕಿದ್ದು, ಈಗೀಗ ಅಡುಗೆಮನೆಯಲ್ಲಿ ಡಬ್ಬಿ ಉರುಳಿಸಿದ್ದು, ಎಲ್ಲಕ್ಕಿಂತ ಅಪಾಯದ್ದಾದ ಆ ಮೂರು ವರ್ಷದವಳ ಮೌನ, ಎಲ್ಲವೂ ಆ ಕಿವಿಗೆ.

ನಾಲ್ಕು ತಿಂಗಳ ಹಿಂದೆ ಎಡಗಿವಿಯಲ್ಲಿ ಒಂದು ಸದ್ದು ಶುರುವಾಯಿತು. ಜೀರುಂಡೆ ಹೊಕ್ಕು ಕೂತ ಹಾಗೆ, ಸಣ್ಣಗೆ, ಬಿಡದೆ. ಸಾಕ್ಷಿಗಳ ಮಾತು ಅದರ ಹಿಂದೆ ಮಸುಕಾಯಿತು. ಅವಳು ಧ್ವನಿ ಏರಿಸಿದಳು. ಕೆಲವು ದಿನಕ್ಕೆ ಅದೂ ಸಾಲದೆ ಮತ್ತಷ್ಟು ಏರಿಸಿದಳು. ಕೇಳಿಸದ ಮಾತನ್ನು ಊಹಿಸಿ ಬರೆಯಬಾರದು, ಮೂರು ಚುಕ್ಕಿ ಇಟ್ಟು ಮುಂದೆ ಹೋಗಬೇಕು ಎನ್ನುವುದು ಆ ಕೆಲಸದ ಕಟ್ಟಳೆ. ಅವಳ ಹಾಳೆಗಳಲ್ಲಿ ಚುಕ್ಕಿಗಳು ಹೆಚ್ಚತೊಡಗಿದವು.

ಅಪ್ಪನ ಎಡಗಿವಿ ಹೋಗಿದ್ದೂ ಹೀಗೆಯೇ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿದ್ದವರು. "ಮೊದ್ಲು ಜೀರುಂಡೆ ಬಂತು ಕಣಮ್ಮ. ಆಮೇಲೆ ಜೀರುಂಡೆನೂ ಹೋಯ್ತು, ನಿಮ್ಮಮ್ಮನ ಬೈಗುಳಾನೂ ಹೋಯ್ತು. ಅರ್ಧ ಸುಖಾನೇ" ಎಂದು ನಗುತ್ತಿದ್ದರು. ಆ ಮಾತಿಗೆ ಮನೆಯೆಲ್ಲ ನಗುವಾಗ ಅವಳಿಗೆ ಈಗ ನಗು ಬರುತ್ತಿರಲಿಲ್ಲ.

ಅವಳು ಕದ್ದು ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಎಡಗಿವಿಯ ಬಳಿ ಬೆರಳಿಗೆ ಬೆರಳು ಉಜ್ಜುವಳು, ಗೋಡೆ ಗಡಿಯಾರ ಇಳಿಸಿ ಕಿವಿಗೆ ಹಿಡಿಯುವಳು. ಕೇಳಿಸುತ್ತಿತ್ತು, ಆದರೆ ನಿನ್ನೆಯಷ್ಟು ಕೇಳಿಸಿತೇ? ಭಯ ಹೊಕ್ಕ ಕಿವಿಗೆ ಹೆಡ್‌ಫೋನು ತೆಗೆದಿಟ್ಟರೂ ಜೀರುಂಡೆ ಕೂಗುತ್ತಲೇ ಇದ್ದಂತೆ ಅನಿಸುತ್ತಿತ್ತು. ಕಿವಿ ಡಾಕ್ಟರ ಬಾಗಿಲವರೆಗೆ ಎರಡು ಸಲ ಹೋಗಿ ಹಿಂದಿರುಗಿದಳು. ಒಳಗೆ ಹೋದರೆ ಗೊತ್ತಾಗಿಬಿಡುತ್ತದಲ್ಲ.

ಒಂದು ಬೆಳಗ್ಗೆ ಮೇಲ್ವಿಚಾರಕಿಯ ಫೋನು ಬಂತು. "ಏನ್ರೀ ಕಿವಿಯಕ್ಕ, ಸಾಕ್ಷಿ ಹೇಳಿಕೆ ಬರೀರಿ ಅಂದ್ರೆ ಕಸೂತಿ ಹಾಕಿ ಕಳಿಸ್ತಿದ್ದೀರಲ್ಲ. ಒಂದೊಂದು ಪುಟದಲ್ಲಿ ಹತ್ತತ್ತು ಕಡೆ ಚುಕ್ಕಿ. ಎರಡು ವಾರ ನೋಡ್ತೀನಿ. ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡಿ."

ಅವಳ ಮುಖ ನೋಡಿ ಅಪ್ಪ ಬಾಯಿ ಬಿಡಿಸಿದರು. ಎಲ್ಲ ಕೇಳಿಸಿಕೊಂಡು ಎದ್ದು ಚಪ್ಪಲಿ ಮೆಟ್ಟಿದರು. "ಡಾಕ್ಟರ ಹತ್ರ ಆಮೇಲೆ ಹೋಗೋಣ. ಮೊದ್ಲು ಆ ಕಂಪ್ಯೂಟರಿಗೆ ಏನಾಗಿದೆ ಅಂತ ಕೇಳೋಣ ನಡಿ. ಅದಕ್ಕೇನು, ಅಳಲ್ಲ, ಹೆದರಲ್ಲ."

ರೇಡಿಯೋ ರಿಪೇರಿಯವನ ಅಂಗಡಿ ಒಂದು ಮಂಚದಷ್ಟಗಲ. ಅವಳು ನಾಲ್ಕು ತಿಂಗಳ ಕಥೆ ಹೇಳಿ ಮುಗಿಸಿದ ಮೇಲೆ ಅವನು ಕಣ್ಣಿನ ಭೂತಗನ್ನಡಿ ಹಣೆಗೇರಿಸಿ ಕೇಳಿದ.

"ಸದ್ದು ಯಾವ ಕಿವೀಲಿ?"

"ಎಡಗಡೆ."

"ಬಲಗಡೆ?"

ಅವಳು ತಡವರಿಸಿದಳು. "ಬಲಗಡೆ ಹಾಕ್ಕೊಂಡೇ ಇಲ್ಲ."

"ನಾಲ್ಕು ತಿಂಗಳಿಂದ? ಯಾಕೆ?"

"ಅದು ಮಗೂಗೆ."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅಪ್ಪನ ಕಡೆ ನೋಡಿದ. ಅಪ್ಪ, ನನಗೆ ಆ ಬದಿ ಕೇಳಿಸುವುದಿಲ್ಲ ಎಂಬಂತೆ ಕಿವಿ ಮುಟ್ಟಿ ತೋರಿಸಿದರು.

"ನೋಡಿ ತಾಯಿ, ಕಂಪ್ಯೂಟರಿನೊಳಗೆ ಇರೋದೆಲ್ಲ ಬರೀ ಅಂಕಿ. ಅದನ್ನ ಸದ್ದು ಮಾಡಿ ಕೊಡೋಕೆ ಒಳಗೇ ಒಂದು ಚೂರು ಇರುತ್ತೆ. ಪಾಪ, ಅದು ಗಿರಣಿ ಮಧ್ಯೆ ನಿಂತು ಪಾಠ ಹೇಳೋ ಮೇಷ್ಟ್ರ ಥರ. ಸುತ್ತಲಿನ ಕರೆಂಟಿನ ಗಲಾಟೆನೆಲ್ಲ ಸೇರಿಸ್ಕೊಂಡು ಹೇಳುತ್ತೆ. ಆ ಮೇಷ್ಟ್ರನ್ನ ಹೊರಗೆ ಕೂರಿಸೋದು ಈ ಡ್ಯಾಕು ಅನ್ನೋ ಪೆಟ್ಟಿಗೆ. ಇದನ್ನ ಕಂಪ್ಯೂಟರಿಗೆ ಚುಚ್ಚಿ, ಹೆಡ್‌ಫೋನನ್ನ ಇದಕ್ಕೆ ಚುಚ್ಚೋದು." ಮೂರು ಪೆಟ್ಟಿಗೆ ತೆಗೆದಿಟ್ಟ. ಒಂದು ಹೆಬ್ಬೆರಳಷ್ಟು, ಒಂದು ಬೆಂಕಿಪೊಟ್ಟಣದಷ್ಟು, ಇನ್ನೊಂದು ತಿರುಗಿಸುವ ಗುಂಡಿಗಳಿದ್ದ ದೊಡ್ಡದು.

ಅವಳ ಕೈ ದೊಡ್ಡದಕ್ಕೇ ಹೋಯಿತು. ಅದು ಆಸೆಯಲ್ಲ. ಅಗ್ಗದ್ದು ತಂದು ಸದ್ದು ನಿಲ್ಲದಿದ್ದರೆ ಪೆಟ್ಟಿಗೆಯದೋ ಕಿವಿಯದೋ ಎಂಬ ಅನುಮಾನ ಉಳಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದನ್ನು ತಂದರೆ ಉತ್ತರ ಒಂದೇ.

"ಅದು ದಪ್ಪ ಹೆಡ್‌ಫೋನ್ ಇಟ್ಕೊಂಡು ಸಂಗೀತ ಕೇಳೋರಿಗೆ. ನಿಮ್ಮದು ಹಗೂರದ್ದು, ಕೇಳೋದು ಮನುಷ್ಯರ ಮಾತು. ಈ ಚಿಕ್ಕದು ಧಾರಾಳ ಸಾಕು" ಎಂದು ಹೆಬ್ಬೆರಳಿನಷ್ಟರದನ್ನು ಅವಳ ಅಂಗೈಗಿಟ್ಟ. "ಬೆಲೆ ಜಾಸ್ತಿ ಕೊಟ್ರೆ ಕಿವಿ ಜಾಸ್ತಿ ಬರಲ್ಲ. ಸರಿಹೋಗದಿದ್ರೆ ವಾಪಸ್ ತನ್ನಿ. ಆದ್ರೆ ಇದನ್ನ ಚುಚ್ಚೋ ಮೊದ್ಲು ಬಲಗಿವಿಗೆ ಹಾಕ್ಕೊಂಡು ಕೇಳಿ. ಜೀರುಂಡೆ ಅಲ್ಲೂ ಇದ್ರೆ ಅದು ನಿಮ್ಮದಲ್ಲ."

ಮನೆಗೆ ಬಂದ ಮೇಲೆ ಅಪ್ಪ ಮೊಮ್ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡರು. ಅವಳು ಮೇಜಿನ ಮುಂದೆ ಕೂತಳು. ಹೆಡ್‌ಫೋನು ಬಲಕ್ಕೆ ಹೊರಳಿಸುವುದಷ್ಟೇ ಕೆಲಸ; ಕೈ ಏಳಲಿಲ್ಲ. ಬಲಗಿವಿಯಲ್ಲಿ ಜೀರುಂಡೆ ಇಲ್ಲದಿದ್ದರೆ? ಗಂಡ ಕೆಲಸದಿಂದ ಬರಲಿ ಎಂದುಕೊಂಡಳು, ನಾಳೆ ನೋಡೋಣ ಎಂದುಕೊಂಡಳು. ಹೊರಗೆ ಮಗಳು ಕಿಲಕಿಲ ನಕ್ಕಳು. ಆ ನಗು ಕೇಳಿದ ಕಿವಿಯನ್ನೇ ಹೆಡ್‌ಫೋನಿನಿಂದ ಮುಚ್ಚಿಕೊಂಡು ಅವಳು ಕಣ್ಣುಮುಚ್ಚಿದಳು.

ಜೀರುಂಡೆ ಅಲ್ಲಿಯೂ ಇತ್ತು. ಮೌಸ್ ಸರಿಸಿದಳು, ಅದರ ರಾಗ ಬದಲಾಯಿತು. ನಿಲ್ಲಿಸಿದಳು, ಅದು ಮತ್ತೆ ಮೊದಲಿನಂತಾಯಿತು. ಕಿವಿಯೊಳಗಿನ ರೋಗಕ್ಕೆ ಮೌಸ್ ಎಲ್ಲಿ ಗೊತ್ತು?

ಪೆಟ್ಟಿಗೆ ಚುಚ್ಚಿದಳು. ಸದ್ದು ನಿಂತಿತು. ಹೆಡ್‌ಫೋನನ್ನು ಎಡಕ್ಕೆ ಹೊರಳಿಸಿ ಧ್ವನಿಮುದ್ರಣ ಹಾಕಿದಳು. ಸಾಕ್ಷಿಯೊಬ್ಬ ಕಿರುಚಿದಂತಾಗಿ ಬೆಚ್ಚಿ ಕಿತ್ತೆಸೆದಳು. ಧ್ವನಿಯ ಗುರುತು ತೊಂಬತ್ತರಲ್ಲಿತ್ತು. ಇಳಿಸುತ್ತ ಬಂದಳು. ಈಗ ಮೂವತ್ತಕ್ಕೇ ಎಲ್ಲವೂ ತಿಳಿಯಾಗಿ ಕೇಳುತ್ತಿತ್ತು, ಸಾಕ್ಷಿ ಉಗುಳು ನುಂಗಿದ್ದು ಸಹ.

ನಾಲ್ಕು ತಿಂಗಳು, ದಿನಕ್ಕೆ ಆರು ಗಂಟೆ, ಒಂದೇ ಕಿವಿಗೆ ತೊಂಬತ್ತು. ಇಲ್ಲದ ರೋಗಕ್ಕೆ ಹೆದರಿ, ಅದನ್ನು ತಾನೇ ಕೈಯಾರೆ ಕರೆದು ಕೂರಿಸಿದ್ದಳೇನೋ. ಮತ್ತೆ ಹೆದರಿಕೆಯಾಯಿತು. ಆದರೆ ಈ ಹೆದರಿಕೆಗೆ ಕಾಲು ಇದ್ದವು. ಎದ್ದು ಫೋನು ಮಾಡಿ ಕಿವಿ ಡಾಕ್ಟರ ಬಳಿ ಸೋಮವಾರಕ್ಕೆ ಸಮಯ ಕೇಳಿದಳು.

"ನಾನೂ ಬರ್ತೀನಿ. ಡಾಕ್ಟ್ರು ಹೇಳಿದ್ದು ನಿನಗೆ ಕೇಳಿಸದಿದ್ರೆ ಇಬ್ಬರಿಗೂ ಕೇಳಿಸ್ಲಿಲ್ಲ ಅಂತ ಎದ್ದು ಬರೋಣ" ಎಂದರು ಅಪ್ಪ.

ಅಂದಿನಿಂದ ಅವಳು ಗಂಟೆಗೊಮ್ಮೆ ಹೆಡ್‌ಫೋನಿನ ಬದಿ ಬದಲಿಸುತ್ತಾಳೆ. ಮರುದಿನ ಅದು ಬಲಗಿವಿಯಲ್ಲಿದ್ದಾಗ ಮಗಳು ಹಿಂದಿನಿಂದ ಬಂದು, ಎಂದೂ ಬಾರದ ಎಡಬದಿಗೆ ನಿಂತು, ಪಿಸುಗುಟ್ಟಿದಳು: "ಅಮ್ಮಾ, ತಾತನ ಚಪ್ಲಿ ಬಕೆಟ್ಟಿನಲ್ಲಿ ಮುಳುಗ್ತಿದೆ."

ಅವಳು ತಿರುಗಿ ನೋಡಲಿಲ್ಲ. ಉಸಿರು ಬಿಗಿಹಿಡಿದು, "ಇನ್ನೊಂದ್ಸಲ ಹೇಳು ಪುಟ್ಟಿ, ಇನ್ನೂ ಮೆಲ್ಲಗೆ" ಎಂದಳು.